ರಾಷ್ಟ್ರೀಯ ಚೆಸ್ ಚಾಂಪಿಯನ್ ಪಟ್ಟಕ್ಕೆ ಈಗ ಎಷ್ಟು ಬೆಲೆ ಉಳಿದಿದೆ?

ಕಪ್ಪುಕುದುರೆ
ಗುಕೇಶ್ 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಮಣಿಸಿ, 18ನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ದೇಶಗಳ ತಂಡಗಳು ಸೆಣಸುವ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡ್‌ನಲ್ಲಿ ಮುಕ್ತ ಮತ್ತು ಮಹಿಳಾ ವಿಭಾಗದ ನಮ್ಮ ಎರಡೂ ತಂಡಗಳು ಚಿನ್ನ ಗೆದ್ದಿದ್ದವು. ಇಷ್ಟಾದರೂ ರಾಷ್ಟ್ರೀಯ ಚಾಂಪಿಯನ್‌ಗಳ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರೆ ಅಲ್ಲಿ ಗುಕೇಶ್ ಹೆಸರಿಲ್ಲ, ಪ್ರಜ್ಞಾನಂದ ಅವರ ಹೆಸರೂ ಇಲ್ಲ. ದೇಶದ ಪಟ್ಟವನ್ನು ಗೆಲ್ಲದೆಯೇ ಜಗತ್ತಿನ ಪಟ್ಟಕ್ಕೆ ಹೋಗಬಹುದು ಎಂದಾದ ಮೇಲೆ, ಈ ಸ್ಪರ್ಧೆ ಇಂದು ಏನನ್ನು ನಿರ್ಧರಿಸುತ್ತದೆ? 1955ರಿಂದ ನಡೆದು ಬಂದ ಚಾಂಪಿಯನ್‌ಶಿಪ್‌ನ ಹಿರಿಮೆ ಯಾವಾಗ, ಯಾವ ಕಾರಣಕ್ಕೆ ಕುಗ್ಗಿತು ಎಂಬುದು ನನ್ನ ಪ್ರಶ್ನೆ. ಕುಗ್ಗಿಯೇ ಇಲ್ಲ ಎನ್ನುವವರಿದ್ದರೆ ಅವರ ವಾದವನ್ನೂ ದಯವಿಟ್ಟು ಬರೆಯಿರಿ.

ಕಾಲಾಳು64
ವಿಶ್ವನಾಥನ್ ಆನಂದ್ ಅದನ್ನು ಆಡುವುದು ನಿಲ್ಲಿಸಿದಾಗಲೇ ಅದರ ಕಳೆ ಇಳಿಯಿತು ಎಂಬುದು ನನ್ನ ಅಭಿಪ್ರಾಯ.

ಇತಿಹಾಸದ ಓದುಗ
ಹಿರಿಮೆ ಕುಗ್ಗಿದ್ದು ಯಾವಾಗ ಎಂದು ಕೇಳುವ ಮೊದಲು ಅದು ಬಂದದ್ದು ಹೇಗೆ ಎಂಬುದನ್ನು ನೋಡೋಣ. ಅಖಿಲ ಭಾರತ ಚೆಸ್ ಫೆಡರೇಶನ್ ಸ್ಥಾಪನೆಯಾದದ್ದು 1951ರಲ್ಲಿ. ಅದರ ಆಶ್ರಯದಲ್ಲಿ ಮೊದಲ ಚಾಂಪಿಯನ್‌ಶಿಪ್ 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆಯಿತು. ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಅದನ್ನು ಜಂಟಿಯಾಗಿ ಗೆದ್ದರು. ಆರಂಭದ ವರ್ಷಗಳಲ್ಲಿ ಸ್ಪರ್ಧೆ ಎರಡು ವರ್ಷಕ್ಕೊಮ್ಮೆ ನಡೆಯುತ್ತಿತ್ತು. ಆಗ ವಿದೇಶಕ್ಕೆ ಹೋಗಿ ಆಡುವ ಅವಕಾಶ ಯಾರಿಗೂ ಸುಲಭವಾಗಿ ಸಿಗುತ್ತಿರಲಿಲ್ಲ, ಆಟಗಾರರ ಬಲವನ್ನು ಅಂಕಿಯಲ್ಲಿ ಅಳೆಯುವ ಅಂತಾರಾಷ್ಟ್ರೀಯ ರೇಟಿಂಗ್ ಪದ್ಧತಿ ಇನ್ನೂ ಜಾರಿಗೆ ಬಂದಿರಲಿಲ್ಲ. ಹಾಗಾಗಿ ಒಬ್ಬ ಆಟಗಾರ ಎಷ್ಟು ಬಲಶಾಲಿ ಎಂದು ತಿಳಿಯಲು ಇದ್ದ ಮುಖ್ಯ ದಾರಿಯೇ ರಾಷ್ಟ್ರೀಯ ಚಾಂಪಿಯನ್‌ಶಿಪ್ ಆಗಿತ್ತು.

ಆ ದಾರಿಯಲ್ಲಿ ಬಂದವರು ಮ್ಯಾನುಯೆಲ್ ಆರನ್. ಬರ್ಮಾದ ತೌಂಗೂನಲ್ಲಿ 1935ರಲ್ಲಿ ಹುಟ್ಟಿ ತಮಿಳುನಾಡಿನಲ್ಲಿ ಬೆಳೆದ ಅವರು 1959ರಿಂದ 1981ರ ನಡುವೆ ಒಂಬತ್ತು ಬಾರಿ ಈ ಪಟ್ಟ ಗೆದ್ದರು. 1960ರ ಲೈಪ್ಜಿಗ್ ಒಲಿಂಪಿಯಾಡ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಮ್ಯಾಕ್ಸ್ ಯೂವೆ ಅವರನ್ನು ಸೋಲಿಸಿದರು. 1961ರಲ್ಲಿ ಭಾರತದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ (ಗ್ರ್ಯಾಂಡ್‌ಮಾಸ್ಟರ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಪದವಿ) ಆದರು. ವಿಶ್ವ ಪಟ್ಟದ ಅರ್ಹತಾ ಸ್ಪರ್ಧೆಯಾದ 1962ರ ಸ್ಟಾಕ್‌ಹೋಮ್ ಇಂಟರ್‌ಜೋನಲ್‌ನಲ್ಲಿ ಆ ಕಾಲದ ಬಲಿಷ್ಠ ಗ್ರ್ಯಾಂಡ್‌ಮಾಸ್ಟರ್‌ಗಳಾದ ಪೋರ್ಟಿಶ್ ಮತ್ತು ಊಲ್ಮನ್ ಇಬ್ಬರನ್ನೂ ಮಣಿಸಿದರು. ದೇಶದ ಚಾಂಪಿಯನ್ ಎಂದರೆ ಹೊರಗಿನ ಜಗತ್ತಿನ ಎದುರು ದೇಶದ ಪರವಾಗಿ ಕೂರುವವನು ಎಂಬ ಅರ್ಥ ಪಟ್ಟಕ್ಕೆ ಬಂದದ್ದು ಅಲ್ಲಿಂದ.

ಎಂಟನೇ ಮನೆ
ಇತಿಹಾಸವನ್ನು 1955ರಿಂದಲೇ ಏಕೆ ಆರಂಭಿಸುತ್ತೀರಿ? ಮೀರ್ ಸುಲ್ತಾನ್ ಖಾನ್ 1928ರಲ್ಲಿ ಅಖಿಲ ಭಾರತ ಚಾಂಪಿಯನ್‌ಶಿಪ್ ಗೆದ್ದಿದ್ದರು. ಮರುವರ್ಷವೇ ಇಂಗ್ಲೆಂಡಿಗೆ ಹೋಗಿ 1929ರಲ್ಲಿ, ಆಮೇಲೆ 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಹೇಸ್ಟಿಂಗ್ಸ್‌ನಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾ ಅವರನ್ನು ಸೋಲಿಸಿದ ಮನುಷ್ಯನನ್ನು ನಮ್ಮ ಪಟ್ಟಿಯಿಂದ ಹೊರಗಿಟ್ಟು, ಪಟ್ಟಿ ಏಲೂರಿನಿಂದ ಶುರುವಾಗುತ್ತದೆ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಇತಿಹಾಸದ ಓದುಗ
ಎಂಟನೇ ಮನೆ ಅವರೇ, ಸುಲ್ತಾನ್ ಖಾನ್ ಅವರ ಹಿರಿಮೆಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ 1928ರ ಸ್ಪರ್ಧೆ ಅವಿಭಜಿತ ಭಾರತದ್ದು, ಸಿರಿವಂತ ಪೋಷಕರ ಆಸರೆಯಲ್ಲಿ ಆಟ ನಡೆಯುತ್ತಿದ್ದ ಕಾಲದ್ದು. ಸುಲ್ತಾನ್ ಖಾನ್ ಅವರಿಗೂ ಸರ್ ಉಮರ್ ಹಯಾತ್ ಖಾನ್ ಅವರ ಪೋಷಣೆ ಇತ್ತು. ವಿಭಜನೆಯ ನಂತರ ಅವರು ಪಾಕಿಸ್ತಾನದಲ್ಲೇ ಉಳಿದರು, 1966ರಲ್ಲಿ ಸರ್ಗೋಧಾದಲ್ಲಿ ತೀರಿಕೊಂಡರು. ವಿಶ್ವ ಚೆಸ್ ಸಂಸ್ಥೆ 2024ರಲ್ಲಿ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಾಗ ಅದನ್ನು ಸ್ವೀಕರಿಸಿದ್ದೂ ಪಾಕಿಸ್ತಾನವೇ. ರಾಜ್ಯ ಸಂಘಗಳು, ಅವುಗಳ ಮೇಲೊಂದು ರಾಷ್ಟ್ರೀಯ ಒಕ್ಕೂಟ, ಅರ್ಹತಾ ಸುತ್ತು, ಲಿಖಿತ ನಿಯಮಾವಳಿ ಇವೆಲ್ಲ ಇರುವ ಸ್ಪರ್ಧೆಯ ಎಣಿಕೆಯನ್ನು 1955ರಿಂದ ಮಾಡುವುದು ಅದಕ್ಕಾಗಿ. ಸುಲ್ತಾನ್ ಖಾನ್ ಅವರದು ಎರಡೂ ದೇಶಗಳ ಪೂರ್ವ ಇತಿಹಾಸ.

ಬಿಳಿ ಒಂಟೆ
ಇದಕ್ಕೆ ಇನ್ನೊಂದು ಅಂಶ ಸೇರಿಸಬೇಕು. ಸುಲ್ತಾನ್ ಖಾನ್ ಮೊದಲು ಕಲಿತದ್ದು ದೇಸಿ ಪದ್ಧತಿಯ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತಿತ್ತು, ಕೋಟೆ ಕಟ್ಟುವ ಬದಲು ರಾಜ ಒಮ್ಮೆ ಕುದುರೆಯಂತೆ ನೆಗೆಯಬಹುದಿತ್ತು, ಕೊನೆಯ ಮನೆ ತಲುಪಿದ ಕಾಲಾಳು ಏನಾಗಬೇಕೆಂಬುದಕ್ಕೂ ಬೇರೆಯೇ ನಿಯಮವಿತ್ತು. ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ರೂಢಿ ಇದ್ದ ದೇಶದಲ್ಲಿ ಎಲ್ಲರೂ ಅಂತಾರಾಷ್ಟ್ರೀಯ ನಿಯಮದಲ್ಲೇ ಆಡುವಂತೆ ಮಾಡಿದ್ದರಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಪಾಲು ದೊಡ್ಡದು. ರಾಷ್ಟ್ರಮಟ್ಟಕ್ಕೆ ಹೋಗಬೇಕಾದರೆ ಜಿಲ್ಲೆಯಲ್ಲೂ ಅದೇ ನಿಯಮದಲ್ಲಿ ಆಡಬೇಕಾಯಿತು. ಈ ಕೊಡುಗೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ಹಳೆಯ ತೀರ್ಪುಗಾರ
ನಾನು ಹಲವು ವರ್ಷ ಪಂದ್ಯಾವಳಿಗಳಲ್ಲಿ ತೀರ್ಪುಗಾರನಾಗಿದ್ದವನು, ಆದ್ದರಿಂದ ಅರ್ಹತೆಯ ವಿಷಯ ಬಂದಾಗ ಕೆಲವು ಮಾತು ಹೇಳಬೇಕೆನಿಸುತ್ತದೆ. ನ್ಯಾಷನಲ್ 'ಬಿ' ಎಂಬ ದೊಡ್ಡ ಸ್ಪರ್ಧೆಯಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಮಾತ್ರ ನ್ಯಾಷನಲ್ 'ಎ'ಯಲ್ಲಿ ಜಾಗ ಸಿಗುತ್ತಿದ್ದ ಕಾಲವನ್ನು ಇಂದಿನ ಹುಡುಗರು ನೋಡಿಲ್ಲ. 'ಬಿ'ಯಲ್ಲಿ ದೇಶದ ಮೂಲೆಮೂಲೆಯವರು, ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮಾನ ಅಂಕ ಗಳಿಸಿದವರನ್ನು ಎದುರುಬದುರು ಕೂರಿಸುವ ಸ್ವಿಸ್ ಪದ್ಧತಿಯಲ್ಲಿ ಆಡುತ್ತಿದ್ದರು. 'ಎ'ಯಲ್ಲಿ ಆಯ್ದ ಕೆಲವರೇ ಪ್ರತಿಯೊಬ್ಬರೂ ಪ್ರತಿಯೊಬ್ಬರ ವಿರುದ್ಧ ಆಡುವ ರೌಂಡ್ ರಾಬಿನ್ ನಡೆಯುತ್ತಿತ್ತು. 'ಬಿ'ಯಿಂದ ಮೇಲೆ ಬರುವುದು 'ಎ'ಯನ್ನು ಗೆಲ್ಲುವುದಕ್ಕಿಂತ ಕಷ್ಟ ಎಂದು ಆಟಗಾರರೇ ಹೇಳುತ್ತಿದ್ದರು, ಏಕೆಂದರೆ ಅಲ್ಲಿ ಒಂದು ಸೋಲು ಇಡೀ ವರ್ಷವನ್ನು ಹಾಳುಮಾಡಬಹುದಿತ್ತು.

ಭೋಪಾಲದ ರಫೀಕ್ ಖಾನ್ ಅವರನ್ನು ನೆನೆಯಿರಿ. ಬಡಗಿ ಕೆಲಸ ಮಾಡಿಕೊಂಡಿದ್ದ ಅವರು 1976ರಲ್ಲಿ ನ್ಯಾಷನಲ್ 'ಬಿ' ಗೆದ್ದು ಹೆಸರಾದರು, 1980ರಲ್ಲಿ ಮಾಲ್ಟಾ ಒಲಿಂಪಿಯಾಡ್‌ನಲ್ಲಿ ತಮ್ಮ ಬೋರ್ಡಿನಲ್ಲಿ ಬೆಳ್ಳಿ ಪದಕ ತಂದರು. ಕೋಚ್ ಇಲ್ಲದ, ಪುಸ್ತಕ ಕೊಳ್ಳಲಾಗದ ಒಬ್ಬ ಆಟಗಾರನನ್ನು ಈ ದೇಶ ಗುರುತಿಸಿದ್ದು ಆ ಸ್ಪರ್ಧೆಯ ಮೂಲಕವೇ. ಕಪ್ಪುಕುದುರೆಯವರು ಪಟ್ಟ ಏನನ್ನು ನಿರ್ಧರಿಸುತ್ತದೆ ಎಂದು ಕೇಳಿದ್ದಾರೆ. ಅದು ನಿರ್ಧರಿಸುತ್ತಿದ್ದುದು ಇಂಥವುಗಳನ್ನು.

ಕಾಲಾಳು64
ಸರ್, ಆಗ ಆಟ ಮುಂದೂಡುವ ಪದ್ಧತಿಯೂ ಇತ್ತಲ್ಲವೇ? ಅದು ಹೇಗೆ ನಡೆಯುತ್ತಿತ್ತು ಎಂದು ತಿಳಿಯುವ ಕುತೂಹಲವಿದೆ.

ಹಳೆಯ ತೀರ್ಪುಗಾರ
ಇತ್ತು. ನಿಗದಿತ ಅವಧಿಯಲ್ಲಿ ಆಟ ಮುಗಿಯದಿದ್ದರೆ, ನಡೆಯುವ ಸರದಿ ಯಾರದೋ ಅವರು ತಮ್ಮ ಮುಂದಿನ ನಡೆಯನ್ನು ಬೋರ್ಡಿನ ಮೇಲೆ ಆಡದೆ ಚೀಟಿಯಲ್ಲಿ ಬರೆದು ಲಕೋಟೆಯಲ್ಲಿಟ್ಟು ಮುಚ್ಚುತ್ತಿದ್ದರು. ಆಟ ಮತ್ತೆ ಆರಂಭವಾಗುವಾಗ ತೀರ್ಪುಗಾರರು ಲಕೋಟೆ ಒಡೆದು ಆ ನಡೆಯನ್ನು ಬೋರ್ಡಿನ ಮೇಲೆ ಇಡುತ್ತಿದ್ದರು. ನಡುವಿನ ರಾತ್ರಿಯೆಲ್ಲ ವಿಶ್ಲೇಷಣೆ ನಡೆಯುತ್ತಿತ್ತು. ನೆರವಿಗೆ ಬಲವಾದ ಗೆಳೆಯರಿದ್ದವರಿಗೆ ಅದು ಲಾಭ, ಒಂಟಿಯಾಗಿ ಬಂದವರಿಗೆ ಕಷ್ಟ. ಕಂಪ್ಯೂಟರ್ ಬಲಗೊಂಡ ಮೇಲೆ ಈ ಪದ್ಧತಿಗೆ ಅರ್ಥ ಉಳಿಯಲಿಲ್ಲ.

ರಾಣಿಯ ನಡೆ
ಇಲ್ಲಿಯವರೆಗೆ ಬರೆದವರಲ್ಲಿ ಒಬ್ಬರೂ ಮಹಿಳಾ ಚಾಂಪಿಯನ್‌ಶಿಪ್ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಶಿಪ್ 1974ರಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲಿ, ಗೆದ್ದವರು ಮುಂಬೈಯ ವಾಸಂತಿ ಖಾಡಿಲ್ಕರ್. ವಾಸಂತಿ, ಜಯಶ್ರೀ, ರೋಹಿಣಿ ಎಂಬ ಮೂವರು ಸಹೋದರಿಯರು ಸುಮಾರು ಒಂದು ದಶಕ ಈ ಪಟ್ಟವನ್ನು ತಮ್ಮಲ್ಲೇ ಹಂಚಿಕೊಂಡರು ಎಂದರೂ ತಪ್ಪಾಗದು.

ರೋಹಿಣಿ ಅವರ ಕಥೆ ನಮ್ಮ ಚೆಸ್ ಇತಿಹಾಸದಲ್ಲಿ ದಪ್ಪ ಅಕ್ಷರದಲ್ಲಿ ಇರಬೇಕಾದದ್ದು. 1976ರಲ್ಲಿ, 13ನೇ ವಯಸ್ಸಿನಲ್ಲಿ, ಅವರು ಪುರುಷರ ಚಾಂಪಿಯನ್‌ಶಿಪ್‌ನಲ್ಲಿ ಆಡಲು ಕುಳಿತರು. ಹೆಣ್ಣುಮಗಳು ಅಲ್ಲಿ ಆಡಬಾರದು ಎಂದು ಗದ್ದಲ ಎದ್ದಿತು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು, ತೀರ್ಪು ಅವರ ಪರವಾಗಿ ಬಂತು. ಕೊನೆಗೆ ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಯೂವೆ ಅವರೇ, ರಾಷ್ಟ್ರೀಯ ಮತ್ತು ಅಂತಾರಾಷ್ಟ್ರೀಯ ಚಾಂಪಿಯನ್‌ಶಿಪ್‌ಗಳಿಂದ ಮಹಿಳೆಯರನ್ನು ಹೊರಗಿಡುವಂತಿಲ್ಲ ಎಂದು ಹೇಳಬೇಕಾಯಿತು. ನಮ್ಮ ದೇಶದ ಸ್ಪರ್ಧೆಯೊಂದರಿಂದ ಇಡೀ ಜಗತ್ತಿನ ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಿತು. ಅರ್ಧ ಇತಿಹಾಸವನ್ನು ಬಿಟ್ಟು ಹಿರಿಮೆ ಕುಗ್ಗಿತೇ ಎಂದು ಚರ್ಚಿಸುವುದು ನ್ಯಾಯವಲ್ಲ.

ಎಂಟನೇ ಮನೆ
ರಾಣಿಯ ನಡೆ ಅವರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಅಲ್ಲಿಂದ ಮುಂದಕ್ಕೂ ಆ ಸಾಲು ಎಲ್ಲೂ ಕಡಿಯಲಿಲ್ಲ. ಭಾಗ್ಯಶ್ರೀ ಠಿಪ್ಸೆ ಮತ್ತು ಅನುಪಮಾ ಗೋಖಲೆ ತಲಾ ಐದು ಬಾರಿ ಗೆದ್ದರು, ನಂತರ ಎಸ್. ವಿಜಯಲಕ್ಷ್ಮಿ ಬಂದರು, ಕೊನೇರು ಹಂಪಿ ಬಂದರು, 2014ರಿಂದ 2017ರವರೆಗೆ ಪದ್ಮಿನಿ ರಾವುತ್ ಸತತ ನಾಲ್ಕು ಬಾರಿ ಗೆದ್ದರು.

ಡ್ರಾ ಒಪ್ಪದವ
ಮೂಲ ಪ್ರಶ್ನೆಗೆ ಬರೋಣ. ಆನಂದ್ 1986, 1987 ಮತ್ತು 1988ರಲ್ಲಿ ಗೆದ್ದರು. ಮೊದಲ ಬಾರಿ ಗೆದ್ದಾಗ ಅವರಿಗೆ 16 ವರ್ಷ. 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, 1988ರಲ್ಲಿ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್. ಆಮೇಲೆ ಅವರ ಆಟ ಯುರೋಪಿನ ದೊಡ್ಡ ಪಂದ್ಯಾವಳಿಗಳ ಕಡೆ ಸಾಗಿತು. ಅವರು ಇಲ್ಲದ ಕಾಲದಲ್ಲಿ ಪ್ರವೀಣ್ ಠಿಪ್ಸೆ 1989ರಲ್ಲಿ ಗೆದ್ದು, ಮತ್ತೆ 1992ರಿಂದ 1994ರವರೆಗೆ ಸತತ ಮೂರು ಬಾರಿ ಗೆದ್ದು, ಆನಂದ್‌ಗಿಂತ ಮೊದಲು ಗೆದ್ದವೂ ಸೇರಿ ಒಟ್ಟು ಏಳು ಪಟ್ಟ ತಮ್ಮದಾಗಿಸಿಕೊಂಡರು. ಠಿಪ್ಸೆ ದೊಡ್ಡ ಆಟಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ದೇಶದ ಅತ್ಯುತ್ತಮ ಆಟಗಾರ ಆಡದ ಸ್ಪರ್ಧೆಯನ್ನು ಗೆದ್ದವರನ್ನು ದೇಶದ ಅತ್ಯುತ್ತಮ ಎನ್ನಲಾಗದು. ಆದ್ದರಿಂದ ಕಾಲಾಳು64 ಹೇಳಿದ್ದರಲ್ಲಿ ಹುರುಳಿದೆ.

ಬಿಳಿ ಒಂಟೆ
ನಾನು ಒಪ್ಪುವುದಿಲ್ಲ. ಆನಂದ್ 1988ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು, ದಿಬ್ಯೇಂದು ಬರುವಾ 1991ರಲ್ಲಿ, ಮೂರನೆಯವರಾದ ಠಿಪ್ಸೆ 1997ರಲ್ಲಿ. ಒಂಬತ್ತು ವರ್ಷದಲ್ಲಿ ಮೂವರು, ಮೂವರೂ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಬರುವಾ 1983ರಲ್ಲಿ ಗೆದ್ದಿದ್ದರು, ಮತ್ತೆ 1998 ಮತ್ತು 2001ರಲ್ಲಿ ಗೆದ್ದರು. ಆನಂದ್ ಹೋದ ಮೇಲೂ ಆ ಸ್ಪರ್ಧೆ ದೇಶದ ಉಳಿದ ಎಲ್ಲ ಬಲಿಷ್ಠರನ್ನೂ ಒಂದೇ ಸಭಾಂಗಣದಲ್ಲಿ ಕೂರಿಸುತ್ತಿತ್ತು. ಒಬ್ಬರು ಇಲ್ಲದ್ದಕ್ಕೆ ಇಡೀ ಪಟ್ಟವೇ ಹಗುರಾಯಿತು ಎನ್ನುವುದು ಅತಿಯಾಯಿತು.

ಗಡಿಯಾರ
ಹಾಗಾದರೆ ಸೂರ್ಯಶೇಖರ ಗಂಗೂಲಿ ಅವರ ಸಾಧನೆಯನ್ನು ಎಲ್ಲಿ ಇಡುತ್ತೀರಿ? ಅವರು 2003ರಿಂದ 2008ರವರೆಗೆ ಸತತ ಆರು ಬಾರಿ ಗೆದ್ದರು, ಅದೂ ಗ್ರ್ಯಾಂಡ್‌ಮಾಸ್ಟರ್‌ಗಳು ಹೆಚ್ಚುತ್ತಿದ್ದ ಕಾಲದಲ್ಲಿ. ಆರನ್ ಅವರ ಒಂಬತ್ತಕ್ಕಿಂತ ಗಂಗೂಲಿ ಅವರ ಆರು ಹೆಚ್ಚು ತೂಕದ್ದು ಎಂಬುದು ನನ್ನ ವಾದ.

ಇತಿಹಾಸದ ಓದುಗ
ತೂಗುವಾಗ ಎರಡೂ ಕಡೆ ನೋಡಬೇಕು. ಆರನ್ ಅವರ ಕಾಲದ ಮೊದಲ ಭಾಗದಲ್ಲಿ ಸ್ಪರ್ಧೆ ಪ್ರತಿವರ್ಷ ನಡೆಯುತ್ತಿರಲಿಲ್ಲ. ಪ್ರತಿವರ್ಷ ನಡೆದಿದ್ದರೆ ಅವರ ಸಂಖ್ಯೆ ಎಷ್ಟಾಗುತ್ತಿತ್ತೋ ಯಾರೂ ಹೇಳಲಾರರು. ಅದಲ್ಲದೆ ಅವರು ಆಡುವುದರ ಜೊತೆಗೆ ಕಲಿಸಿದರು. 1972ರಲ್ಲಿ ಮದರಾಸಿನ ಸೋವಿಯತ್ ಸಾಂಸ್ಕೃತಿಕ ಕೇಂದ್ರದಲ್ಲಿ ಆರಂಭವಾದ ತಾಲ್ ಚೆಸ್ ಕ್ಲಬ್ ಅವರ ಶ್ರಮದಿಂದ ಬೆಳೆಯಿತು, ಬಾಲಕ ಆನಂದ್ ಆಡಿ ಪಳಗಿದ್ದು ಅಲ್ಲಿಯೇ. ಗಂಗೂಲಿ ಅವರ ಆರು ಪಟ್ಟಗಳ ಹಿಂದೆಯೂ ಆ ಕಾಲದ ನೆಲಗಟ್ಟು ಇದೆ.

ಗಡಿಯಾರ
ನೆಲಗಟ್ಟು ಹಾಕಿದವರು ದೊಡ್ಡವರು ಎಂಬುದು ನಿಜ, ಆದರೆ ನಾನು ಕೇಳಿದ್ದು ಬೋರ್ಡಿನ ಮೇಲಿನ ಎದುರಾಳಿಗಳ ಬಲದ ಬಗ್ಗೆ. ಆ ಪ್ರಶ್ನೆ ಹಾಗೇ ಉಳಿದಿದೆ.

ಕಾಲಾಳು64
ಹೊರದೇಶಗಳಲ್ಲಿ ಹೇಗಿದೆ ಎಂಬುದನ್ನೂ ನೋಡಬೇಕು. ಫಿಷರ್ ಅಮೆರಿಕದ ಚಾಂಪಿಯನ್‌ಶಿಪ್ಪನ್ನು ಎಂಟು ಬಾರಿ ಆಡಿ ಎಂಟೂ ಬಾರಿ ಗೆದ್ದರು. 1963–64ರಲ್ಲಂತೂ 11ಕ್ಕೆ 11 ಅಂಕ. ಸೋವಿಯತ್ ಚಾಂಪಿಯನ್‌ಶಿಪ್ ಗೆಲ್ಲುವುದು ವಿಶ್ವ ಪಟ್ಟದಷ್ಟೇ ಕಷ್ಟ ಎನ್ನುತ್ತಿದ್ದರು. ಬೊಟ್ವಿನ್ನಿಕ್, ತಾಲ್ ತಲಾ ಆರು ಬಾರಿ ಗೆದ್ದಿದ್ದರು. ಇನ್ನೊಂದು ಕಡೆ ಕಾರ್ಲ್‌ಸನ್ ನಾರ್ವೆಯ ಪಟ್ಟ ಗೆದ್ದದ್ದು 2006ರಲ್ಲಿ ಒಮ್ಮೆ ಮಾತ್ರ. ಹಾಗಾಗಿ ಇದು ಭಾರತದ್ದೊಂದೇ ಸಮಸ್ಯೆಯಲ್ಲ.

ಡ್ರಾ ಒಪ್ಪದವ
ಸೋವಿಯತ್ ಉದಾಹರಣೆ ನನ್ನ ವಾದಕ್ಕೇ ಬಲ ಕೊಡುತ್ತದೆ. ಅಲ್ಲಿ ರಾಷ್ಟ್ರೀಯ ಸ್ಪರ್ಧೆ ಅನೇಕ ವರ್ಷ ವಿಶ್ವ ಚಾಂಪಿಯನ್‌ಶಿಪ್ ಸರಣಿಯ ವಲಯ ಅರ್ಹತೆಯೂ ಆಗಿತ್ತು. ಅದನ್ನು ಬಿಟ್ಟರೆ ಮುಂದಿನ ದಾರಿಯೇ ಮುಚ್ಚುತ್ತಿತ್ತು, ಅದಕ್ಕೇ ದೊಡ್ಡವರೆಲ್ಲ ಆಡಿದರು. ನಮ್ಮಲ್ಲಿ ಈಗ ಒಲಿಂಪಿಯಾಡ್ ತಂಡದ ಆಯ್ಕೆ ಮುಖ್ಯವಾಗಿ ರೇಟಿಂಗ್ ನೋಡಿ ಆಗುತ್ತದೆ. 2700 ದಾಟಿದ ಆಟಗಾರ ನೂರಾರು ಜನರ ಸ್ವಿಸ್ ಸ್ಪರ್ಧೆಯಲ್ಲಿ 2300ರವರ ಜೊತೆ ಒಂದು ಡ್ರಾ ಮಾಡಿಕೊಂಡರೂ ರೇಟಿಂಗ್ ಕಳೆದುಕೊಳ್ಳುತ್ತಾನೆ. ಗೆದ್ದರೆ ಸಿಗುವುದು ಅತ್ಯಲ್ಪ. ಕಳೆದುಕೊಳ್ಳುವುದೇ ಹೆಚ್ಚಿರುವ ಕಡೆ ಅವನು ಏಕೆ ಬರಬೇಕು? ನನ್ನ ಪ್ರಕಾರ ಪಟ್ಟದ ಹಿರಿಮೆ ಕುಗ್ಗಿದ್ದಕ್ಕೆ ಆನಂದ್ ಒಬ್ಬರೇ ಕಾರಣವಲ್ಲ; ರೇಟಿಂಗ್ ಆಯ್ಕೆಯ ಅಳತೆಗೋಲಾದದ್ದು ಮತ್ತು ರೌಂಡ್ ರಾಬಿನ್ ಹೋಗಿ ಸ್ವಿಸ್ ಬಂದದ್ದು ನಿಜವಾದ ಕಾರಣಗಳು.

ಮಗಳ ಜೊತೆ ಚೆಸ್
ಸ್ವಿಸ್ ಬಗ್ಗೆ ಇಷ್ಟು ಕಟುವಾಗಿ ಮಾತನಾಡುವವರು ಕೆಳಗಿನ ಬೋರ್ಡುಗಳ ಕಡೆಗೂ ಒಮ್ಮೆ ನೋಡಬೇಕು. ನನ್ನ ಮಗಳು ರಾಜ್ಯದ ಆಯ್ಕೆ ಸ್ಪರ್ಧೆಯಿಂದ ರಾಷ್ಟ್ರೀಯ ಸ್ಪರ್ಧೆಗೆ ಹೋದಾಗ ಮೊದಲ ಸುತ್ತಿನಲ್ಲೇ ತನಗಿಂತ ಎಷ್ಟೋ ಮೇಲಿನ ರೇಟಿಂಗ್‌ನ ಆಟಗಾರ್ತಿಯನ್ನು ಎದುರಿಸಿದಳು, ಏಕೆಂದರೆ ಸ್ವಿಸ್‌ನ ಮೊದಲ ಸುತ್ತಿನಲ್ಲಿ ಪಟ್ಟಿಯ ಮೇಲಿನ ಅರ್ಧದವರಿಗೆ ಕೆಳಗಿನ ಅರ್ಧದವರನ್ನು ಜೋಡಿಸುತ್ತಾರೆ. ಅವಳು ಸೋತಳು. ಆಟ ಮುಗಿದ ಮೇಲೆ ಆ ಹಿರಿಯ ಆಟಗಾರ್ತಿ ಅವಳನ್ನು ಕೂರಿಸಿಕೊಂಡು ಆನೆಗಳ ಅಂತ್ಯದಾಟದಲ್ಲಿ ಎಲ್ಲಿ ಎಡವಿದಳು ಎಂಬುದನ್ನು ತೋರಿಸಿಕೊಟ್ಟರು. ಆಯ್ದ ಹನ್ನೆರಡು ಹದಿನಾಲ್ಕು ಜನರ ಸ್ಪರ್ಧೆಯಾಗಿದ್ದರೆ ಇಂಥ ಅವಕಾಶ ಅವಳಿಗೆ ಸಿಗುತ್ತಿರಲಿಲ್ಲ.

ಡ್ರಾ ಒಪ್ಪದವ
ಮೇಡಂ, ಆ ಅವಕಾಶ ಬೇಡ ಎಂದು ನಾನು ಹೇಳುತ್ತಿಲ್ಲ. ಅದು ನ್ಯಾಷನಲ್ 'ಬಿ'ಯಲ್ಲೂ ಸಿಗುತ್ತಿತ್ತು. ಅದನ್ನೂ ಚಾಂಪಿಯನ್ ಯಾರೆಂಬ ನಿರ್ಣಯವನ್ನೂ ಒಂದೇ ಸ್ಪರ್ಧೆಯಲ್ಲಿ ಬೆರೆಸಬಾರದು ಎಂಬುದಷ್ಟೇ ನನ್ನ ಮಾತು. 2022ರಲ್ಲಿ ಕಾನ್ಪುರದಲ್ಲಿ ಅರ್ಜುನ್ ಎರಿಗೈಸಿ, ಗುಕೇಶ್, ಇನಿಯನ್ ಮೂವರೂ 11 ಸುತ್ತುಗಳಲ್ಲಿ 8.5 ಅಂಕ ಗಳಿಸಿದರು. ಟೈಬ್ರೇಕ್ ಲೆಕ್ಕದಲ್ಲಿ ಅರ್ಜುನ್ ಚಾಂಪಿಯನ್ ಆದರು. ಮೂವರಲ್ಲಿ ಒಬ್ಬರು ಮೂರು ವರ್ಷದೊಳಗೆ ವಿಶ್ವ ಚಾಂಪಿಯನ್ ಆದವರು. ಇಂಥ ಮೂವರ ನಡುವಿನ ನಿರ್ಣಯವನ್ನು ಎದುರಾಳಿಗಳ ಅಂಕಗಳ ಲೆಕ್ಕಕ್ಕೆ ಬಿಡುವುದು ರಾಷ್ಟ್ರೀಯ ಪಟ್ಟಕ್ಕೆ ತಕ್ಕುದಲ್ಲ.

ಬಿಳಿ ಒಂಟೆ
ಆದರೆ ಕಪ್ಪುಕುದುರೆಯವರ ಪ್ರಶ್ನೆಗೆ ಉತ್ತರವೂ ಕಾನ್ಪುರದಲ್ಲೇ ಇದೆ. ಗುಕೇಶ್ ಈ ಸ್ಪರ್ಧೆಯನ್ನು ಕಡೆಗಣಿಸಿದವರಲ್ಲ. ಬಂದು ಆಡಿ ಟೈಬ್ರೇಕ್‌ನಲ್ಲಿ ಎರಡನೆಯವರಾದರು. ಇನ್ನೊಂದು ಸಂಗತಿಯನ್ನೂ ನೋಡಿ. 2014ರಲ್ಲಿ ಟ್ರೋಮ್ಸೋ ಒಲಿಂಪಿಯಾಡ್‌ನಲ್ಲಿ ಆನಂದ್ ಇಲ್ಲದ ಭಾರತ ತಂಡ ಕಂಚು ಗೆದ್ದಿತು, ಮುಕ್ತ ವಿಭಾಗದಲ್ಲಿ ತಂಡವಾಗಿ ನಮಗೆ ಅದೇ ಮೊದಲ ಪದಕ. ಆ ತಂಡದಲ್ಲಿ ಇದ್ದವರು ಪರಿಮಾರ್ಜನ್ ನೇಗಿ, ಸೇತುರಾಮನ್, ಶಶಿಕಿರಣ್, ಅಧಿಬನ್, ಲಲಿತ್ ಬಾಬು. ಅಧಿಬನ್ 2009ರ, ನೇಗಿ 2010ರ, ಶಶಿಕಿರಣ್ 2013ರ ಚಾಂಪಿಯನ್. ಸೇತುರಾಮನ್ ಅದೇ 2014ರಲ್ಲಿ, ಲಲಿತ್ 2017ರಲ್ಲಿ ಗೆದ್ದರು. ಐವರಿಗೆ ಐವರೂ ಈ ಪಟ್ಟ ಹೊತ್ತವರು. ಪಟ್ಟಕ್ಕೆ ಬೆಲೆ ಇಲ್ಲ ಎನ್ನುವವರು ಈ ಪದಕವನ್ನು ಹೇಗೆ ವಿವರಿಸುತ್ತಾರೆ?

ರಾಣಿಯ ನಡೆ
ಮಹಿಳೆಯರಲ್ಲಿ ಇದು ಇನ್ನೂ ಸ್ಪಷ್ಟ. 2025ರ ಜುಲೈನಲ್ಲಿ ಬಟುಮಿಯಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಎದುರುಬದುರು ಕುಳಿತ ದಿವ್ಯಾ ದೇಶ್‌ಮುಖ್ ಮತ್ತು ಹಂಪಿ ಇಬ್ಬರೂ ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು. ಆ ಗೆಲುವಿನಿಂದ ದಿವ್ಯಾ ದೇಶದ 88ನೇ ಗ್ರ್ಯಾಂಡ್‌ಮಾಸ್ಟರ್ ಆದರು.

ಕಪ್ಪುಕುದುರೆ
ಎಲ್ಲರಿಗೂ ಧನ್ಯವಾದ. ಒಲಿಂಪಿಯಾಡ್ ತಂಡದ ಐವರ ಉದಾಹರಣೆ ಬಲವಾದದ್ದು, ಆದರೆ ಅದು ಹತ್ತು ವರ್ಷ ಹಿಂದಿನ ಮಾತು. ಬುಡಾಪೆಸ್ಟ್‌ಗೆ ಹೋದ ತಂಡದಲ್ಲಿ ಆಗಿನ ರಾಷ್ಟ್ರೀಯ ಚಾಂಪಿಯನ್ ಇರಲಿಲ್ಲ. ದೇಶದಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳು 80 ದಾಟಿರುವಾಗ, ಅವರಲ್ಲಿ ಅತಿ ಮೇಲಿನವರು ಮತ್ತೆ ಇಲ್ಲಿ ಆಡುವಂತೆ ಮಾಡಲು ಏನು ಮಾಡಬೇಕು? ತೀರ್ಪುಗಾರ ಸರ್, ನಿಮ್ಮ ಅನುಭವದಲ್ಲಿ ಯಾವುದು ಸಾಧ್ಯ?

ಹಳೆಯ ತೀರ್ಪುಗಾರ
ಮೊದಲನೆಯದು ದಿನಾಂಕ. ಮೇಲಿನ ಆಟಗಾರರ ವೇಳಾಪಟ್ಟಿ ತಿಂಗಳುಗಟ್ಟಲೆ ಮೊದಲೇ ತುಂಬಿರುತ್ತದೆ. ರಾಷ್ಟ್ರೀಯ ಸ್ಪರ್ಧೆಯ ದಿನಗಳನ್ನು ಒಂದು ವರ್ಷ ಮೊದಲೇ ಪ್ರಕಟಿಸಿ, ಪ್ರತಿವರ್ಷ ಅದೇ ತಿಂಗಳಲ್ಲಿ ನಡೆಸಬೇಕು. ಎರಡನೆಯದು ಸ್ವರೂಪ. ಈಗಿನ ಸ್ವಿಸ್ ಹಾಗೇ ಇರಲಿ, ಅದರಿಂದ ಮೇಲೆ ಬಂದ ನಾಲ್ಕೈದು ಜನರನ್ನೂ ರೇಟಿಂಗ್‌ನಲ್ಲಿ ಮೇಲಿರುವವರನ್ನೂ ಸೇರಿಸಿ ಚಿಕ್ಕದೊಂದು ರೌಂಡ್ ರಾಬಿನ್ ಫೈನಲ್ ನಡೆಸಬಹುದು. ಇದರಿಂದ ಕಿರಿಯರಿಗೂ ಲಾಭವಿದೆ: ಗ್ರ್ಯಾಂಡ್‌ಮಾಸ್ಟರ್ ನಾರ್ಮ್‌ಗೆ (ಆ ಪದವಿ ಪಡೆಯಲು ಪಂದ್ಯಾವಳಿಯಲ್ಲಿ ತೋರಬೇಕಾದ ನಿಗದಿತ ಸಾಧನೆಗೆ) ಬೇರೆ ಬೇರೆ ದೇಶಗಳ ಎದುರಾಳಿಗಳು ಇರಬೇಕು ಎಂಬ ನಿಯಮದಿಂದ ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಅಂತಿಮ ಹಂತಕ್ಕೆ ವಿನಾಯಿತಿ ಇದೆ. ಹೊರದೇಶಕ್ಕೆ ಹೋಗಲು ಹಣವಿಲ್ಲದ ಹುಡುಗ ಇಲ್ಲೇ ಒಂದು ನಾರ್ಮ್ ಗಳಿಸಬಹುದು.

ಮಗಳ ಜೊತೆ ಚೆಸ್
ಫೈನಲ್ ಬೇರೆ ನಡೆಸುವುದಾದರೆ ಸ್ವಿಸ್‌ನಿಂದ ಬರುವವರ ಸಂಖ್ಯೆ ಅರ್ಧಕ್ಕಿಂತ ಕಡಿಮೆಯಾಗಬಾರದು ಎಂಬ ಷರತ್ತಿನ ಮೇಲೆ ಮಾತ್ರ ನಾನು ಒಪ್ಪುತ್ತೇನೆ.

ಡ್ರಾ ಒಪ್ಪದವ
ಷರತ್ತು ನ್ಯಾಯವಾದದ್ದೇ. ಆದರೆ ದಿನಾಂಕ, ಸ್ವರೂಪ ಎರಡೂ ಸರಿಯಾದರೂ ಗೆದ್ದವರಿಗೆ ಏನು ಸಿಗುತ್ತದೆ ಎಂಬುದು ಬದಲಾಗದಿದ್ದರೆ ಮೇಲಿನವರು ಬರುವುದಿಲ್ಲ. ಒಲಿಂಪಿಯಾಡ್ ತಂಡದ ಐದು ಸ್ಥಾನಗಳಲ್ಲಿ ಒಂದನ್ನು ರೇಟಿಂಗ್ ನೋಡದೆ ರಾಷ್ಟ್ರೀಯ ಚಾಂಪಿಯನ್‌ಗೆ ಕೊಡಲಿ.

ಗಡಿಯಾರ
ಅದನ್ನು ನಾನು ವಿರೋಧಿಸುತ್ತೇನೆ. ಒಂದು ವಾರ ಚೆನ್ನಾಗಿ ಆಡಿದ 2550ರ ಆಟಗಾರನಿಗಾಗಿ 2750ರವನನ್ನು ಮನೆಯಲ್ಲಿ ಕೂರಿಸಿ ನಾವು ಚಿನ್ನ ಕಳೆದುಕೊಂಡರೆ ಉತ್ತರ ಕೊಡುವವರು ಯಾರು?

ಡ್ರಾ ಒಪ್ಪದವ
ಆ 2750ರವನು ಬಂದು ಆ 2550ರವನನ್ನು ಸೋಲಿಸಲಿ, ಚಾಂಪಿಯನ್‌ಶಿಪ್ ಇರುವುದೇ ಅದಕ್ಕಾಗಿ.